ಮಾಗಿಯ ಮರಿ ಉಳಿಯೋದಿಲ್ಲ ಅಂದವರಿಗೆ

ನನ್ನ ಬೀಳ್ಕೊಡುಗೆಯ ದಿನ ಒಬ್ಬರು ಮೈಕಿನ ಮುಂದೆ ನಿಂತು, ಸರ್ವಮಂಗಳಮ್ಮನವರು ಕೋಳಿಮರಿಗಳನ್ನು ಹೆತ್ತ ಮಕ್ಕಳಂತೆ ಸಾಕಿದರು ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಕು ನನ್ನ ಕೈಗೆ ಬಂದಾಗ ನಾನು ಮೊದಲು ಹೇಳಿದ್ದು, ಆ ಮಾತು ಸುಳ್ಳು ಎಂದು. ಹೆತ್ತ ಮಕ್ಕಳನ್ನು ಯಾರೂ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಬಸ್ಸು ಹತ್ತಿಸುವುದಿಲ್ಲ. ಮರಿಯನ್ನು ಮರಿ ಎಂದೇ ಸಾಕಬೇಕು. ಅದು ದೊಡ್ಡದಾಗಿ ಒಂದು ದಿನ ಯಾರದೋ ಮನೆಯ ಸಾರಿಗೆ ಬೀಳುತ್ತದೆ ಎಂದು ಗೊತ್ತಿದ್ದೂ, ಇವತ್ತು ಅದಕ್ಕೆ ಚಳಿ ಆಗದಂತೆ ನೋಡಿಕೊಳ್ಳಬೇಕು. ಅಷ್ಟೇ ಕೆಲಸ. ಅದಕ್ಕೆ ತಾಯ್ತನ ಎಂದು ಹೆಸರಿಟ್ಟು ಶಾಲು ಹೊದಿಸುವ ಅಗತ್ಯವಿಲ್ಲ ಎಂದೆ. ಶಾಲನ್ನು ಮಾತ್ರ ವಾಪಸ್ ಕೊಡಲಿಲ್ಲ, ಚೆನ್ನಾಗಿತ್ತು.

ಅರಸೀಕೆರೆಯ ಅಂಚಿನಲ್ಲಿದ್ದ ಒಂದು ಮರಿ ಕೇಂದ್ರದಲ್ಲಿ ನಾನು ಸಹಾಯಕಿಯಾಗಿದ್ದೆ. ಮೊಟ್ಟೆಗಳನ್ನು ಯಂತ್ರದಲ್ಲಿ ಕೂರಿಸಿ ಮರಿ ಮಾಡಿಸುವುದು, ಆ ಮರಿಗಳನ್ನು ಹಳ್ಳಿಯ ಹೆಂಗಸರಿಗೆ ಹಂಚುವುದು, ಸಾಕುವುದನ್ನು ಹೇಳಿಕೊಡುವುದು ನಮ್ಮ ಕೆಲಸ. ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯುವಷ್ಟು ಸಿಗಲೂ ಇಲ್ಲ. ಈಗ ಹೊಸದಾಗಿ ಸೇರಿರುವ ನಿಮಗೆ ನಾನು ಹೇಳಬೇಕಾದದ್ದು ಚಳಿಗಾಲದ ಮರಿಗಳ ಬಗ್ಗೆ. ನನ್ನ ಸೇವೆಯುದ್ದಕ್ಕೂ ಯಾರಾದರೊಬ್ಬ ಮೇಲಿನವರು ಬಂದು, ಕಾರ್ತಿಕ ಕಳೆದ ಮೇಲೆ ಯಂತ್ರ ನಿಲ್ಲಿಸಿಬಿಡೋಣ, ಮಾಗಿಯ ಚಳಿಗೆ ಮರಿ ಉಳಿಯುವುದಿಲ್ಲ ಎನ್ನುತ್ತಲೇ ಇದ್ದರು. ನಾನು ನಿಲ್ಲಿಸಲು ಬಿಡಲಿಲ್ಲ.

ಹಟ ಯಾಕೆಂದರೆ ಹೊಸತೊಡಕು. ಯುಗಾದಿಯ ದಿನ ಬೇವು ಬೆಲ್ಲ, ಹೋಳಿಗೆ ಮುಗಿಸಿದ ಮನೆಗಳಲ್ಲಿ ಮಾರನೆಯ ದಿನ ಬಾಡೂಟ. ಅವತ್ತು ನಾಟಿ ಕೋಳಿಗೆ ಇರುವ ಬೇಡಿಕೆ ವರ್ಷದ ಇನ್ಯಾವ ದಿನವೂ ಇರುವುದಿಲ್ಲ. ಆ ಹೊತ್ತಿಗೆ ಹುಂಜ ಬಲಿತಿರಬೇಕಾದರೆ ಅದು ಚಳಿಯಲ್ಲೇ ಮೊಟ್ಟೆ ಒಡೆದು ಬರಬೇಕು. ಬೇಸಿಗೆಯಲ್ಲಿ ಮರಿ ಸಾಕುವುದು ಸುಲಭ, ಆದರೆ ಆ ಮರಿ ಬೆಳೆದಾಗ ಕೇಳುವವರು ಕಡಿಮೆ. ಕೂಲಿ ಮಾಡುವ ಒಬ್ಬ ಹೆಂಗಸಿಗೆ, ಗಂಡನ ಕೈ ನೋಡದೆ ತನ್ನದು ಎನ್ನುವಂಥ ದುಡ್ಡೇನಾದರೂ ಬರುವುದಿದ್ದರೆ, ಅದು ಹೊಸತೊಡಕಿನ ಹಿಂದಿನ ಎರಡು ದಿನಗಳಲ್ಲಿ. ಯಂತ್ರ ನಿಲ್ಲಿಸುವುದು ಎಂದರೆ ಅದನ್ನು ಕಿತ್ತುಕೊಳ್ಳುವುದು.

ಇಷ್ಟೆಲ್ಲ ಹೇಳುವ ನಾನು ಮೊಟ್ಟೆಯನ್ನೂ ತಿಂದವಳಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಮಠಕ್ಕೆ ನಡೆದುಕೊಳ್ಳುವ ಮನೆ. ತವರು ಹಾರನಹಳ್ಳಿ, ಅಲ್ಲಿ ತೆಂಗಿನ ತೋಟ. ಗಂಡನ ಮನೆಯವರದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ನನಗೆ ಈ ಕೆಲಸದ ಆದೇಶ ಬಂದ ದಿನ ಅತ್ತೆ ಅದನ್ನು ಓದಿಸಿ ಕೇಳಿ, ಸರ್ಕಾರದಲ್ಲಿ ಬೇರೆ ಪ್ರಾಣಿ ಇರಲಿಲ್ಲವೇ ಎಂದರು. ಕೆಲಸದಿಂದ ಬಂದರೆ ಹಿತ್ತಿಲಲ್ಲಿ ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಬರಬೇಕು ಎಂದು ಕಟ್ಟಳೆ ಮಾಡಿದರು. ಮೊದಲ ಚಳಿಗಾಲ ಹಾಗೇ ಮಾಡಿದೆ. ಎರಡನೆಯ ಚಳಿಗಾಲ ನೆಗಡಿ ಎದೆಗಿಳಿದು ಮಲಗಿದೆ. ಎದ್ದ ಮೇಲೆ ಕೈಕಾಲು ತೊಳೆದು ನೇರ ಅಡುಗೆ ಮನೆಗೆ ನಡೆದೆ, ವಿಭೂತಿ ಧರಿಸಿ ಪೂಜೆಗೂ ಕೂತೆ. ಅತ್ತೆ ಸ್ವಲ್ಪ ದಿನ ಮಾತು ಬಿಟ್ಟರು. ಆಮೇಲೆ ಮಾಲೇಕಲ್ಲು ಬೆಟ್ಟ ಹತ್ತಿ, ಸೊಸೆಗೆ ಬೇರೆ ಯಾವುದಾದರೂ ಇಲಾಖೆಗೆ ವರ್ಗವಾಗಲಿ ಎಂದು ವೆಂಕಟರಮಣನಿಗೆ ಹರಕೆ ಕಟ್ಟಿಕೊಂಡು ಬಂದರು. ನಿವೃತ್ತಿಯವರೆಗೂ ನಾನು ಅದೇ ಕೇಂದ್ರದಲ್ಲಿದ್ದೆ. ದೇವರು ಯಾರ ಪರ ಇದ್ದ ಎಂದು ನಾನು ಅತ್ತೆಯನ್ನು ಕೆಣಕುತ್ತಿದ್ದೆ, ಕೊನೆಕೊನೆಗೆ ಅವರೂ ನಗುತ್ತಿದ್ದರು.

ಹೊರಗಿನವರು ಅಷ್ಟು ಸುಲಭವಾಗಿ ಬಿಡಲಿಲ್ಲ. ನೆಂಟರಲ್ಲಿ ನನಗೆ ಕೋಳಿ ಮಂಗಳ ಎಂದೇ ಹೆಸರಾಯಿತು. ಒಂದು ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ, ನನ್ನ ಗಂಡನ ಸೋದರಮಾವ ಎಲ್ಲರಿಗೂ ಕೇಳುವಂತೆ ಕೇಳಿದರು, ಕೊಲ್ಲುವವರಿಗೆ ಕೊಡಲಿಕ್ಕೆ ಜೀವ ಸಾಕುವುದು ನಮ್ಮಂಥವರು ಮಾಡುವ ಕೆಲಸವೇ ಎಂದು. ಅವರು ದೊಡ್ಡ ಕೊಬ್ಬರಿ ವರ್ತಕರು. ನಾನು ತಲೆ ತಗ್ಗಿಸುತ್ತೇನೆ ಎಂದು ಎಲ್ಲರೂ ಕಾದಿದ್ದರು.

"ಮಾವ, ನಿಮ್ಮ ಮಂಡಿ ಕೊಬ್ಬರಿ ಯಾವ್ಯಾವ ಸಾರಿಗೆ ಬೀಳ್ತದೆ ಅಂತ ಕೇಳಿಕೊಂಡು ಮಾರ್ತೀರಾ?" ಎಂದೆ.

ಅವರು ಪಾಯಸದ ಕಡೆ ನೋಡಿದರು. ಕೊಬ್ಬರಿ ಅರೆಯದ ಕೋಳಿ ಸಾರು ಈ ಸೀಮೆಯಲ್ಲಿ ಇಲ್ಲ ಎಂದು ಅವರಿಗೂ ಗೊತ್ತು, ಪಂಕ್ತಿಗೂ ಗೊತ್ತು. ಧನುರ್ಮಾಸದಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದು, ಆಗಲೂ ಮೊಟ್ಟೆ ಕೂರಿಸುತ್ತೀಯಂತೆ ಎಂದು ಇನ್ನೊಬ್ಬರು ಸಣ್ಣ ದನಿಯಲ್ಲಿ ಕೇಳಿದರು. ಮದುವೆಗೆ ತಿಥಿ ನೋಡಿ, ಮೊಟ್ಟೆಗೆ ಬೇಡ ಎಂದೆ. ಅಲ್ಲಿಂದಾಚೆಗೆ ಎದುರಿಗೆ ಕೇಳುವವರು ಕಡಿಮೆಯಾದರು, ಹಿಂದೆ ಆಡುವವರು ಆಡಿಕೊಳ್ಳಲಿ.

ಇನ್ನು ಕೆಲಸದ ಮಾತು. ನನ್ನ ಮೊದಲ ಮೇಲಧಿಕಾರಿ ಬಿಸಿಲೂರಿನಿಂದ ಬಂದವರು. ನಮ್ಮ ಚಳಿ ಎಂದರೆ ಅವರಿಗೆ ಪ್ರಾಣಭಯ. ದೀಪಾವಳಿ ಮುಗಿಯುತ್ತಿದ್ದಂತೆ ಮಂಕಿ ಟೋಪಿ ಹಾಕಿಕೊಂಡರೆ ಶಿವರಾತ್ರಿಯ ತನಕ ತೆಗೆಯುತ್ತಿರಲಿಲ್ಲ. ಮನುಷ್ಯ ತನಗೆ ಹೇಗೋ ಮರಿಗೂ ಹಾಗೇ ಎಂದುಕೊಳ್ಳುತ್ತಾನೆ. ಅವರು ಮರಿ ಮನೆಯ ಕಿಟಕಿಗಳಿಗೆಲ್ಲ ಗೋಣಿ ಹೊಲಿಸಿ, ಅದರ ಮೇಲೆ ಪ್ಲಾಸ್ಟಿಕ್ ಹೊಡೆಸಿ, ಬಾಗಿಲ ಸಂದಿಗೂ ಬಟ್ಟೆ ತುರುಕಿಸಿದರು. ಒಳಗೆ ಹೋದರೆ ನಿಜಕ್ಕೂ ಬೆಚ್ಚಗಿತ್ತು. ಥರ್ಮಾಮೀಟರ್ ನೋಡಿ ಸಂತೋಷಪಟ್ಟರು. ಮೂರನೆಯ ದಿನದಿಂದ ಮರಿಗಳು ಬಾಯಿ ತೆರೆದುಕೊಂಡು ನಿಂತವು. ಕಣ್ಣು ಊದಿಕೊಂಡವು. ಆಮೇಲೆ ಸಾಲಾಗಿ ಬೀಳತೊಡಗಿದವು. ಇನ್ನೂ ಚಳಿ ನುಗ್ಗುತ್ತಿದೆ ಎಂದು ಅವರು ಇನ್ನೊಂದು ಪದರ ಗೋಣಿ ತರಿಸಿದರು.

ಆ ದಿನ ನಾನು ಒಂದು ಮರಿಯನ್ನು ಎತ್ತಿಕೊಳ್ಳಲು ಬಗ್ಗಿದವಳು, ಬಗ್ಗಿದ ಕಡೆಯೇ ಕೆಮ್ಮಿ ಕೂತೆ. ನಿಂತವರ ಮೂಗಿಗೆ ಗೊತ್ತಾಗದ ಹಿಕ್ಕೆಯ ಘಾಟು ನೆಲದ ಮೇಲೆ ಒಂದು ಗೇಣಿನಷ್ಟು ದಪ್ಪ ಕೂತಿತ್ತು. ಸಾಹೇಬರು ಒಂದು ದಿನವೂ ಬಗ್ಗಿರಲಿಲ್ಲ. ನಾನು ಹೋಗಿ ಮೇಲುಗಡೆಯ ಗೋಣಿಗಳನ್ನು ಕುಡುಗೋಲಿನಿಂದ ಹರಿದು ಹಾಕಿದೆ, ಕೇಳದೆಯೇ. ಅವರು ಕೂಗಾಡಿದರು. ನನ್ನ ಮೇಲೆ ವರದಿ ಬರೆಯುತ್ತೇನೆ ಎಂದರು, ಬರೆದರು ಕೂಡ. ಹೊಗೆ ಹೋಗಲು ಅಡುಗೆ ಮನೆಗೆ ಗವಾಕ್ಷಿ ಇಟ್ಟ ಹಾಗೆ ಮರಿ ಮನೆಗೂ ಮೇಲೊಂದು ಬಾಯಿ ಬೇಕು ಎಂದು ನನ್ನ ಸಮಜಾಯಿಷಿಯಲ್ಲಿ ಬರೆದು ಕೊಟ್ಟೆ. ಮಾರನೆಯ ವಾರ ಉಳಿದ ಮರಿಗಳು ಚೇತರಿಸಿಕೊಂಡವು. ವರದಿ ಎಲ್ಲಿ ಹೋಯಿತೋ, ಅದರ ಸುದ್ದಿ ಮತ್ತೆ ಬರಲಿಲ್ಲ.

ನಿಮಗೆ ಹೇಳುವುದು ಇಷ್ಟೇ, ನಿಮ್ಮ ಮೂಗು ಮರಿಯ ಎತ್ತರಕ್ಕೆ ಇಳಿಯಲಿ. ಥರ್ಮಾಮೀಟರ್ ಬೇಡವೆನ್ನುವುದಿಲ್ಲ, ಇಟ್ಟುಕೊಳ್ಳಿ. ಆದರೆ ಬಾಗಿಲು ತೆಗೆದ ಕೂಡಲೇ ನೋಡಬೇಕಾದದ್ದು ಗೋಡೆಯನ್ನಲ್ಲ, ನೆಲವನ್ನು. ಮರಿಗಳು ಬಿಸಿಗೆಂದು ಇಳಿಬಿಟ್ಟ ದೀಪದ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಅವಕ್ಕೆ ಚಳಿ. ದೀಪ ಬಿಟ್ಟು ಅಂಚಿಗೆ ಹೋಗಿ ರೆಕ್ಕೆ ಬಿಚ್ಚಿ ನಿಂತಿದ್ದರೆ ಸೆಖೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಎಲ್ಲೋ ಗಾಳಿ ಹೊಡೆಯುತ್ತಿದೆ. ರಾಗಿ ಎರಚಿದ ಹಾಗೆ ಎಲ್ಲ ಕಡೆ ಹರಡಿಕೊಂಡು, ತಮ್ಮ ಪಾಡಿಗೆ ತಾವು ಸಣ್ಣಗೆ ಗೊಣಗಿಕೊಳ್ಳುತ್ತಿದ್ದರೆ ಬಾಗಿಲು ಮುಚ್ಚಿಕೊಂಡು ಬನ್ನಿ, ನಿಮ್ಮ ಅಗತ್ಯ ಅಲ್ಲಿಲ್ಲ.

ಯಂತ್ರಗಳು ಬದಲಾದವು. ನಾನು ಸೇರಿದಾಗ ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಬೆಳಗ್ಗೆ ಒಂದು ಮಗ್ಗುಲು, ಸಂಜೆ ಒಂದು ಮಗ್ಗುಲು ಕೈಯಿಂದಲೇ ಹೊರಳಿಸುತ್ತಿದ್ದೆವು. ಕೈ ತಪ್ಪಿ ಒಡೆದರೆ ಅದರ ವಾಸನೆ ನನಗೆ ಆಗುತ್ತಿರಲಿಲ್ಲ, ಸೆರಗು ಮೂಗಿಗೆ ಕಟ್ಟಿಕೊಂಡು ಒರೆಸುತ್ತಿದ್ದೆ. ಆಮೇಲೆ ತಾನೇ ಹೊರಳಿಸುವ ಯಂತ್ರ ಬಂತು. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗಳನ್ನು ಯಂತ್ರದೊಳಗೆ ತುರುಕುತ್ತಿದ್ದ ಕಾಲ ಹೋಗಿ ಜನರೇಟರ್ ಬಂತು. ಈಗ ಶಾಖ ಕಡಿಮೆಯಾದರೆ ಫೋನಿಗೆ ಸಂದೇಶ ಬರುತ್ತದೆ. ಒಳ್ಳೆಯದೇ. ಆದರೆ ಸಂದೇಶ ಬಂದಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದು ನಂಬಬೇಡಿ, ನೆಟ್‌ವರ್ಕ್ ಇಲ್ಲದಿರಬಹುದು.

ಮುಚ್ಚಿ ಕೊಲ್ಲುವ ಕಾಯಿಲೆ ಅಧಿಕಾರಿಗಳಿಗೆ ಮಾತ್ರ ಇದೆ ಎಂದುಕೊಳ್ಳಬೇಡಿ. ಮರಿಪೆಟ್ಟಿಗೆಗಳನ್ನು ನಾನು ಬಸ್ಸಿನಲ್ಲೇ ಬೇಲೂರಿನ ಕಡೆ ಒಯ್ಯುತ್ತಿದ್ದೆ. ಚಳಿಗಾಲವೆಂದರೆ ಶಾಲೆಯ ಪ್ರವಾಸಗಳ ಕಾಲ, ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಸಲ ಅಲ್ಲಿ ಬಸ್ಸು ಕೆಟ್ಟು ನಿಂತಿತು. ನಾನು ಟೀ ತರಲು ಇಳಿದೆ. ವಾಪಸ್ ಬಂದರೆ ಪಕ್ಕದ ಸೀಟಿನ ಅಜ್ಜಿ, ಪಾಪ ಹಸುಗೂಸುಗಳು ಎಂದು ತನ್ನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಮೇಲೆ ಹೊದಿಸಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿತ್ತು. ಒಳಗೆ ಸದ್ದಿಲ್ಲ. ಕಂಬಳಿ ಕಿತ್ತೆಸೆದು, ಪೆಟ್ಟಿಗೆಯನ್ನು ಹೊರಗೆ ತಂದು ಮುಚ್ಚಳ ತೆಗೆದೆ. ಪ್ರವಾಸದ ಮಕ್ಕಳೆಲ್ಲ ಸುತ್ತ ನೆರೆದರು. ಒಂದೊಂದಾಗಿ ಮರಿಗಳು ಕತ್ತೆತ್ತಿದಾಗ ಅವರ ಮೇಷ್ಟ್ರು, ದೇವಸ್ಥಾನದ ಗೋಡೆ ತೋರಿಸಿದರೂ ಇಷ್ಟು ಹೊತ್ತು ನಿಲ್ಲಲಿಲ್ಲ ಎಂದು ಗೊಣಗಿದರು. ಅಜ್ಜಿಗೆ ನಾನು ಸರಿಯಾಗಿ ಬೈದೆ. ಬೈದಿದ್ದಕ್ಕೆ ಬಸ್ಸಿನವರೆಲ್ಲ ನನಗೇ ಬೈದರು. ಕರುಣೆ ಇಲ್ಲದವಳು ಎಂದರು. ಮರಿಗಳು ಬದುಕಿದ್ದವು, ನನಗೆ ಅಷ್ಟು ಸಾಕಾಗಿತ್ತು.

ಈಗ ಕಾವಿನ ಕಥೆಗೆ ಬರುತ್ತೇನೆ. ಬಿಕ್ಕೋಡಿನ ಆಚೆ ಒಂದು ಕಾಫಿ ತೋಟದ, ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಹೆಂಗಸರಿಗೆ ನಾವು ಒಂದು ಚಳಿಗಾಲ ಮರಿ ಹಂಚಿದೆವು. ಆಗ ಹೊಸದಾಗಿ ಬಂದಿದ್ದ ಇನ್ನೊಬ್ಬ ಮೇಲಧಿಕಾರಿ ಶಾಲೆಯ ಜಗಲಿಯಲ್ಲಿ ನಿಂತು ಭಾಷಣ ಮಾಡಿದರು. ಚಳಿ ಜಾಸ್ತಿ ಇದೆ, ಮೂರು ವಾರ ಮರಿಗಳಿಗೆ ಚೆನ್ನಾಗಿ ಕಾವು ಕೊಡಿ, ಕಾವು ತಪ್ಪಿದರೆ ಮರಿ ಉಳಿಯುವುದಿಲ್ಲ ಎಂದು ಮೂರು ಮೂರು ಸಲ ಹೇಳಿದರು. ಹೆಂಗಸರು ಆಯ್ತು ಎಂದು ತಲೆಯಾಡಿಸಿದರು. ಅವರು ಹೇಳಿದ ಕಾವು ಬಲ್ಬಿನದು, ಕೆಂಡದ್ದು. ಲೈನ್ ಮನೆಯ ಹೆಂಗಸರಿಗೆ ಕಾವು ಎಂದರೆ ಒಂದೇ, ಹೇಂಟೆ ಮೊಟ್ಟೆಯ ಮೇಲೆ ಕೂರುವುದು. ಕೆಂಡದ್ದಕ್ಕೆ ಅವರು ಕಾವು ಎನ್ನುವುದೇ ಇಲ್ಲ, ಬಿಸಿ ಎನ್ನುತ್ತಾರೆ.

ಹೀಗಾಗಿ ಅವರು ಆ ಸಂಜೆಯೇ ಕಾವಿಗೆ ಕೂತ ಹೇಂಟೆ ಹುಡುಕಲು ಹೊರಟರು. ಇಡೀ ಲೈನಿನಲ್ಲಿ ಅಂಥ ಹೇಂಟೆ ಇದ್ದದ್ದು ಒಂದೇ, ಸಣ್ಣಮ್ಮ ಎಂಬುವಳ ಮನೆಯಲ್ಲಿ. ಎಲ್ಲರೂ ತಂತಮ್ಮ ಮರಿಗಳನ್ನು ತಂದು ಆ ಒಂದೇ ಹೇಂಟೆಯ ಮುಂದೆ ಸುರಿದರು. ಅದು ತನ್ನ ಮೊಟ್ಟೆ ಬಿಟ್ಟು ಎದ್ದು, ಸಿಕ್ಕಿದ ಮರಿಗೆ ಸಿಕ್ಕಲ್ಲಿ ಕುಕ್ಕಿ, ಅಟ್ಟ ಹತ್ತಿ ಕೂತಿತು. ಬೆಳಗಾಗುವಷ್ಟರಲ್ಲಿ ಚಳಿಗೆ ಸಿಕ್ಕು ಮರಿಯೂ ಇಲ್ಲ, ಮೊಟ್ಟೆಯೂ ಇಲ್ಲ. ನಾನು ಹೋದಾಗ ಸಣ್ಣಮ್ಮ ಬಾಗಿಲಲ್ಲೇ ಕೂತಿದ್ದಳು. ಮೈ ತುಂಬ ಕೋಪ.

"ಕಾವು ಕೊಡಿ ಕಾವು ಕೊಡಿ ಅಂತೀರಿ. ಕೋಳಿ ಎದ್ದೋದ್ರೆ ನಾನ್ ಕೂರಕಾಯ್ತದಾ ಮರಿ ಮ್ಯಾಲೆ?" ಎಂದಳು.

ಮುಂದಿನ ಸಭೆಯಲ್ಲಿ ಸಾಹೇಬರು ಈ ಕಥೆಯನ್ನು ನಗೆಚಾಟಿಕೆ ಮಾಡಿ ಹೇಳಿದರು. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಅವಳು ಸಾಹೇಬರು ಹೇಳಿದ್ದನ್ನು ಅಕ್ಷರಶಃ ಮಾಡಿದ್ದಾಳೆ, ನಗಬೇಕಾದದ್ದು ಹೇಳಿದವರನ್ನು ನೋಡಿ ಎಂದು ಎದ್ದು ನಿಂತು ಹೇಳಿದೆ. ಆದರೆ ಆ ನಗೆಯೇ ಮುಂದೆ ಕಾಗದವಾಯಿತು. ಬಿಕ್ಕೋಡು ಕಡೆಯ ಹೆಂಗಸರಿಗೆ ತಿಳುವಳಿಕೆ ಸಾಲದು, ಚಳಿಗಾಲದಲ್ಲಿ ಮರಿ ಉಳಿಯುವುದಿಲ್ಲ, ಆದ್ದರಿಂದ ಆ ತಿಂಗಳುಗಳಲ್ಲಿ ಯಂತ್ರ ನಿಲ್ಲಿಸಬಹುದು ಎಂದು ಸಾಹೇಬರು ಮೇಲಕ್ಕೆ ಬರೆಯಲು ಸಿದ್ಧರಾದರು. ನನ್ನ ನಿವೃತ್ತಿಗೆ ಉಳಿದದ್ದು ಒಂದೇ ಚಳಿಗಾಲ.

ನಾನು ಅವರ ಕೋಣೆಗೆ ಹೋದೆ. ನಿಲ್ಲಿಸುವ ಮೊದಲು ಆ ಹೆಂಗಸರನ್ನು ಒಂದು ಮಾತು ಕೇಳಿದಿರಾ ಎಂದೆ. ಅವರು ಕುರ್ಚಿಗೆ ಒರಗಿ ನಕ್ಕರು.

"ಕೋಳಿ ಕೇಳಿ ಮಸಾಲೆ ಅರೀತಾರೇನಮ್ಮ?"

"ಆ ಹೆಂಗಸರು ಕೋಳಿಯಲ್ಲ ಸಾರ್" ಎಂದೆ.

ಅವರ ಮುಖದ ನಗು ಹೋಯಿತು. ಕೆಟ್ಟ ಮನುಷ್ಯರಲ್ಲ, ಅಂದ ಮಾತು ತಮಗೇ ಸರಿ ಕಾಣಲಿಲ್ಲ ಎಂದು ತೋರಿತು. ಒಂದು ಒಪ್ಪಂದಕ್ಕೆ ಬಂದರು. ಈ ಚಳಿಗಾಲ ಒಂದು ತಂಡ ಮರಿ ಅದೇ ಲೈನಿಗೆ ಕೊಡೋಣ. ಹೊಸತೊಡಕಿನ ತನಕ ಹೆಚ್ಚಿನವು ಉಳಿದರೆ ಕಾಗದ ಹರಿದು ಹಾಕುತ್ತೇನೆ, ಉಳಿಯದಿದ್ದರೆ ಕಳಿಸುತ್ತೇನೆ, ಆಮೇಲೆ ನೀವು ಮಾತಾಡಬಾರದು ಎಂದರು. ನಾನು ಒಪ್ಪಿಕೊಂಡು ಹೊರಗೆ ಬಂದೆ. ಒಪ್ಪಿದ ಮೇಲೆ ಹೆದರಿಕೆ ಶುರುವಾಯಿತು. ನನ್ನ ಹೆಸರು ಹೋದರೆ ಹೋಗಲಿ, ನಿವೃತ್ತಿಯಾದ ಮೇಲೆ ಯಾರಿಗೆ ಬೇಕು ಹೆಸರು. ಆದರೆ ನಾನು ಸೋತರೆ ಆ ಯಂತ್ರ ಮತ್ತೆಂದೂ ಚಳಿಯಲ್ಲಿ ಓಡುವುದಿಲ್ಲ.

ಲೈನಿಗೆ ಹೋಗಿ ವಿಷಯ ಹೇಳಿದೆ. ಸಣ್ಣಮ್ಮ ಮೊದಲು ಬೇಡವೇ ಬೇಡ ಎಂದಳು. ನಿಜವಾದ ತೊಡಕು ಏನು ಎಂದು ಆಗ ಗೊತ್ತಾಯಿತು. ಮರಿಗೆ ಬಿಸಿ ಬೇಕಾದ ತಿಂಗಳುಗಳೇ ಕಾಫಿ ಹಣ್ಣು ಕುಯ್ಯುವ ತಿಂಗಳುಗಳು. ಬೆಳಗ್ಗೆ ಮಂಜಿನಲ್ಲೇ ಹೆಂಗಸರೆಲ್ಲ ಕುಕ್ಕೆ ಕಟ್ಟಿಕೊಂಡು ತೋಟಕ್ಕೆ ಹೋದರೆ ಹೊತ್ತು ಇಳಿಯುವ ತನಕ ಮನೆಗಳಲ್ಲಿ ಯಾರೂ ಇರುವುದಿಲ್ಲ. ಬಲ್ಬು ಹಾಕೋಣವೆಂದರೆ ಅಲ್ಲಿ ಕರೆಂಟು ಬಂದಾಗ ಬಂತು. ಕೆಂಡ ಇಡೋಣವೆಂದರೆ ನೋಡಿಕೊಳ್ಳುವವರಿಲ್ಲ. ಇದನ್ನು ಭಾಷಣ ಮಾಡಿದವರೂ ಕೇಳಿರಲಿಲ್ಲ, ಅಷ್ಟು ವರ್ಷ ಮರಿ ಹಂಚಿದ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಮಾತು ಬೆಳೆಯುತ್ತಾ ಹೋಯಿತು. ಕೊನೆಗೆ ಸಣ್ಣಮ್ಮನೇ ಹೇಳಿದಳು, ಹಾಗಾದರೆ ನಾವೇ ಸರದಿಯಂತೆ ಕಾವಿಗೆ ಕೂರುವುದು ಎಂದು. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಅಂದು ಅವಳು ಕೋಪದಲ್ಲಿ ಕೇಳಿದ ಮಾತು ಈಗ ಏರ್ಪಾಟಾಯಿತು. ಎಲ್ಲರ ಮರಿಗಳನ್ನೂ ಖಾಲಿ ಬಿದ್ದಿದ್ದ ಒಂದು ಕೋಣೆಯಲ್ಲಿ ಒಟ್ಟಿಗೆ ಬಿಡುವುದು. ಯಾರ ಮರಿ ಯಾವುದು ಎಂದು ತಿಳಿಯಲು ಕಾಲಿಗೆ ಬಣ್ಣದ ದಾರ. ದಿನಕ್ಕೆ ಒಬ್ಬಳು ಹಣ್ಣು ಕುಯ್ಯಲು ಹೋಗದೆ ಕೋಣೆಯಲ್ಲಿ ಉಳಿಯುವುದು. ಅವಳಿಗೆ ಕಾವಿನೋಳು ಎಂದೇ ಹೆಸರು. ತೂತು ಮಾಡಿದ ಮಡಕೆಗಳಲ್ಲಿ ಕೆಂಡ ಇಡುವುದು. ಅರಸೀಕೆರೆ ಸೀಮೆಯವಳಾದ ನಾನು ತೆಂಗಿನ ಚಿಪ್ಪನ್ನು ಚೀಲಗಟ್ಟಲೆ ಒಯ್ದೆ. ಚಿಪ್ಪನ್ನು ಹೊರಗೇ ಸುಟ್ಟು, ಹೊಗೆಯೆಲ್ಲ ಹೋಗಿ ಕೆಂಪು ಕೆಂಡವಾದ ಮೇಲೆ ಮಡಕೆಗೆ ಹಾಕಿ, ಮೇಲೆ ಬೂದಿ ಮುಚ್ಚಬೇಕು ಎಂದು ತೋರಿಸಿದೆ. ಹಸಿ ಚಿಪ್ಪನ್ನು ಒಳಗೆ ತಂದು ಹಚ್ಚಿದವಳ ಕೈ ಮುರಿಯುತ್ತೇನೆ ಎಂದೂ ಹೇಳಿದೆ.

ತೋಟದ ರೈಟರ್, ಎಂದರೆ ಆಳುಗಳ ಹಾಜರಿ ಹಿಡಿಯುವವರು, ಎರಡನೆಯ ವಾರ ಒಂದು ದಿನ ದಾರಿಯಲ್ಲಿ ಹೆಂಗಸರನ್ನು ನಿಲ್ಲಿಸಿದರಂತೆ. ದಿನಾ ಒಬ್ಬಳು ಕಮ್ಮಿ ಬರುತ್ತಿದ್ದೀರಿ, ಇವತ್ತು ಲಕ್ಷ್ಮಿ ಎಲ್ಲಿ ಎಂದು ಗದರಿದರಂತೆ. ಕಾವಿಗೆ ಕೂತವ್ಳೆ ಎಂದು ಯಾರೋ ಹೇಳಿದರು. ರೈಟರ್ ಅದು ಹೆಂಗಸರ ಏನೋ ವಿಷಯ ಇರಬೇಕು ಎಂದುಕೊಂಡು, ನೆಲ ನೋಡಿಕೊಂಡು ಹೊರಟುಹೋದರು. ಆಮೇಲೆ ಯಾರು ಕಾಣದಿದ್ದರೂ ಕೇಳಲಿಲ್ಲ. ಈ ಕಥೆಯನ್ನು ಹೆಂಗಸರು ನನಗೆ ಹೇಳಿದಾಗ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ರೈಟರಿಗೆ ಇವತ್ತಿಗೂ ಗೊತ್ತಿಲ್ಲವಂತೆ.

ನಗು ಬಹಳ ದಿನ ಉಳಿಯಲಿಲ್ಲ. ಮಾರ್ಗಶಿರದಲ್ಲಿ ಮೋಡ ಕವಿದು, ತುಂತುರು ಹಿಡಿದು, ಬಿಸಿಲೇ ಕಾಣದಂತಾಯಿತು. ಸೌದೆ, ಚಿಪ್ಪು ಎಲ್ಲ ತೇವ. ನಾನು ಬಸ್ಸು, ಜೀಪು ಹಿಡಿದು ಮಧ್ಯಾಹ್ನದ ಹೊತ್ತಿಗೆ ಲೈನ್ ಮುಟ್ಟಿದೆ. ಕೋಣೆಯ ಮುಂದೆ ಹೆಂಗಸರು ಗುಂಪಾಗಿ ನಿಂತು ಲಕ್ಷ್ಮಿಗೆ ಬೈಯುತ್ತಿದ್ದರು. ಕೆಂಡ ಆರುತ್ತಿದೆ ಎಂದು ಅವಳು ಒಣ ಚಿಪ್ಪು ಕೇಳಲು ಪಕ್ಕದ ಲೈನಿಗೆ ಹೋಗಿದ್ದಳು. ಅಷ್ಟರಲ್ಲಿ ಮರಿಗಳು ಬಿಸಿ ಹುಡುಕಿಕೊಂಡು ಕೋಣೆಯ ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಹತ್ತಿದ್ದವು. ಕೆಳಗೆ ಸಿಕ್ಕಿದವು ಉಸಿರು ಕಟ್ಟಿ ಸತ್ತಿದ್ದವು. ಮೂಲೆಯಲ್ಲಿ ಹಳದಿ ರಾಶಿ. ಲಕ್ಷ್ಮಿ ಗೋಡೆಗೆ ತಲೆ ಒತ್ತಿಕೊಂಡು ಅಳುತ್ತಿದ್ದಳು. ಸತ್ತವುಗಳಲ್ಲಿ ಅವಳ ದಾರದವೂ ಇದ್ದವು.

ನನಗೂ ಅಳು ಬಂತು. ಬೀಳ್ಕೊಡುಗೆಯಲ್ಲಿ ಮಕ್ಕಳಲ್ಲ ಎಂದವಳು ನಾನೇ, ಆದರೆ ಅವತ್ತು ಅತ್ತುಬಿಟ್ಟೆ, ಮುಚ್ಚಿಡುವುದಿಲ್ಲ. ಸಾಹೇಬರ ಕಾಗದ ಕಣ್ಣ ಮುಂದೆ ಬಂತು. ಇಷ್ಟು ಸಾಕು, ಉಳಿದವನ್ನು ಮನೆಮನೆಗೆ ಹಂಚಿಬಿಡೋಣ ಎಂದು ಒಬ್ಬಳು ಅಂದಳು. ಸಣ್ಣಮ್ಮ ಅವಳ ಮೇಲೆ ಹರಿಹಾಯ್ದಳು. ಲಕ್ಷ್ಮಿ ಆಟಕ್ಕೆ ಹೋಗಿರಲಿಲ್ಲ, ಕೆಂಡಕ್ಕೆ ಹೋಗಿದ್ದಳು, ನಾಳೆಯಿಂದ ಕಾವಿಗೆ ಇಬ್ಬರು ಕೂರುತ್ತೇವೆ ಎಂದಳು. ನಾನು ಕಣ್ಣೊರೆಸಿಕೊಂಡು ಉಳಿದವುಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಹೆಚ್ಚಿನವು ಇನ್ನೂ ಗಟ್ಟಿಯಾಗಿದ್ದವು. ಕೋಣೆಗೆ ಮೂಲೆ ಇರುವುದೇ ತಪ್ಪು ಎಂದೆ. ಕಾಫಿ ಒಣಗಿಸುವ ಹಳೆಯ ಚಾಪೆಗಳನ್ನು ತಂದು ನಾಲ್ಕು ಮೂಲೆಗೂ ಬಾಗಿಸಿ ಕಟ್ಟಿ, ಕೋಣೆಯನ್ನೇ ಒಳಗಿನಿಂದ ಗುಂಡಗೆ ಮಾಡಿದೆವು. ನುಗ್ಗಿದರೂ ಸಿಕ್ಕಿಕೊಳ್ಳಲು ಜಾಗವಿಲ್ಲದಂತಾಯಿತು. ಸತ್ತವನ್ನು ಲಕ್ಷ್ಮಿಯೇ ಕಾಫಿ ಗಿಡದ ಬುಡದಲ್ಲಿ ಹೂತು ಬಂದಳು. ಮಾರನೆಯ ದಿನ ತನ್ನ ಸರದಿ ಅಲ್ಲದಿದ್ದರೂ ಎರಡನೆಯವಳಾಗಿ ಅವಳೇ ಕೂತಳು.

ಆಮೇಲೆಯೂ ಒಂದೊಂದು ಹೋಯಿತು. ಮುಂಗುಸಿ ಒಂದು ಒಯ್ದಿತು, ಕಾಲು ಸೊಟ್ಟಗಾಗಿ ಒಂದೆರಡು ಹೋದವು. ಆದರೆ ಸಂಕ್ರಾಂತಿಯ ಹೊತ್ತಿಗೆ ರೆಕ್ಕೆ ಬಲಿತವು, ಕೆಂಡ ಬೇಡವಾಯಿತು. ಶಿವರಾತ್ರಿಯ ಹೊತ್ತಿಗೆ ಹುಂಜಗಳು ಒಡಕು ದನಿಯಲ್ಲಿ ಕೂಗಲು ಕಲಿಯುತ್ತಿದ್ದವು. ನಾನು ಆ ಒಡಕು ಕೂಗನ್ನು ಫೋನಿನಲ್ಲಿ ಹಿಡಿದು ಸಾಹೇಬರಿಗೆ ಕಳಿಸಿದೆ. ಉತ್ತರ ಬರಲಿಲ್ಲ.

ಯುಗಾದಿಗೆ ವಾರವಿದೆ ಎನ್ನುವಾಗ ಅವರೇ ಬಂದರು. ಜೀಪಿನಿಂದಿಳಿದು ಲೈನಿನ ಮುಂದಿನ ಅಂಗಳದಲ್ಲಿ ನಿಂತರು. ಕಾಲಿಗೆ ದಾರ ಕಟ್ಟಿದ ಕೋಳಿಗಳು ಅವರ ಬೂಟಿನ ಸುತ್ತಲೇ ಮೇಯುತ್ತಿದ್ದವು. ಅವರು ತುಂಬ ಹೊತ್ತು ನೋಡಿದರು. ಕೊಟ್ಟದ್ದರಲ್ಲಿ ಹೆಚ್ಚಿನವು ಕಣ್ಣೆದುರಿಗೇ ಇದ್ದವು. ಚೆನ್ನಾಗಿ ಬಂದಿವೆ ಎಂದರು, ಅಷ್ಟೇ. ಕಾಗದದ ಸುದ್ದಿ ಎತ್ತಲಿಲ್ಲ. ಹೊರಡುವಾಗ ಒಂದು ಕೆಂಪು ಹುಂಜವನ್ನು ತೋರಿಸಿ, ಇದನ್ನೂ ಇನ್ನೊಂದನ್ನೂ ಹೊಸತೊಡಕಿಗೆ ನಮ್ಮ ಮನೆಗೆ ತೆಗೆದಿಡಮ್ಮ, ಕೊಡಬೇಕಾದದ್ದು ಕೊಡುತ್ತೇನೆ ಎಂದು ಸಣ್ಣಮ್ಮನಿಗೆ ಹೇಳಿದರು. ಸಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಚಳಿಗಾಲದ ಮರಿ ಬದುಕಾಕಿಲ್ಲ ಅಂತ ನೀವೇ ಹೇಳಿದ್ರಲ್ಲ ಸಾ. ಬದುಕ್ದೇ ಇರೋ ಹುಂಜವ ನಾನೆಲ್ಲಿಂದ ತಂದ್ಕೊಡ್ಲಿ?"

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾಹೇಬರು ನನ್ನ ಕಡೆ ತಿರುಗಿ, ನೀವಾದರೂ ಹೇಳಿ ಮಂಗಳಮ್ಮ ಎಂದರು. ನಾನು ಲಿಂಗವಂತಳು, ಹುಂಜದ ವ್ಯವಹಾರ ನನಗೆ ತಿಳಿಯುವುದಿಲ್ಲ ಸಾರ್ ಎಂದೆ. ಅವರು ಹಣೆ ಒರೆಸಿಕೊಂಡರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಆ ಕಾಗದ ಇನ್ನೂ ಮೇಜಿನ ಮೇಲೇ ಇದೆ, ಕಳಿಸುವುದಿಲ್ಲ, ಬರುವ ಚಳಿಗಾಲಕ್ಕೂ ಯಂತ್ರ ಓಡುತ್ತದೆ ಎಂದು ಎಲ್ಲರ ಮುಂದೆ ಹೇಳಿದರು. ಸಣ್ಣಮ್ಮ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಮಗಳನ್ನು ಕೂಗಿ ಒಂದು ಹುಂಜ ಹಿಡಿಸಿ ಕೊಟ್ಟಳು. ಕೆಂಪು ಹುಂಜವನ್ನಲ್ಲ, ಅದಕ್ಕಿಂತ ಸಣ್ಣದನ್ನು.

ನಾನು ಆ ಬೇಸಿಗೆಯಲ್ಲಿ ನಿವೃತ್ತಳಾದೆ. ಕಾರ್ತಿಕ ಕಳೆದ ಮೇಲೆ ಕೇಂದ್ರದ ಕಡೆ ಹೋಗಿದ್ದೆ, ಯಂತ್ರ ಓಡುತ್ತಿತ್ತು. ಲೈನಿನ ಕೋಣೆಗೆ ಚಾಪೆ ಕಟ್ಟಿ ಆಗಿದೆ ಎಂದು ಲಕ್ಷ್ಮಿ ಫೋನ್ ಮಾಡಿದ್ದಳು. ಈಗ ಆ ಯಂತ್ರದ ಮುಂದೆ ನಿಂತಿರುವವರು ನೀವು. ಚಳಿಯಲ್ಲಿ ನಿಲ್ಲಿಸಿಬಿಡೋಣ ಎಂದು ಇನ್ನೊಬ್ಬರು ಬರುತ್ತಾರೆ, ಬಂದೇ ಬರುತ್ತಾರೆ. ನನ್ನ ಹಾಗೆ ಗೋಣಿ ಹರಿಯಲು, ಸಭೆಯಲ್ಲಿ ಎದ್ದು ನಿಲ್ಲಲು ಎಲ್ಲರಿಂದಲೂ ಆಗುವುದಿಲ್ಲ, ಬೇಡ. ಅವರನ್ನು ಕೂರಿಸಿ, ಕಾಫಿ ಕೊಡಿ. ಕುಡಿದು ಮುಗಿಸಲಿ. ಆಮೇಲೆ, ಹೊಸತೊಡಕಿಗೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಸಾರ್ ಎಂದು ಕೇಳಿ.